ನಲವತ್ತೊಂದನೇ ಗೂಟದ ಷರಾ

ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ನಾನು ಹೇಳಿದ ಕಥೆ ಸುಳ್ಳು. ಅಂದು ಬಿದ್ದ ಚಪ್ಪಾಳೆ ಮಾತ್ರ ನಿಜ. ಒಂದು ಕೆರೆಯ ಮಧ್ಯೆ ವಿದ್ಯುತ್ ಟವರ್ ನಿಲ್ಲಿಸಲು ಹೊರಟಿದ್ದ ಕಂಪ್ಯೂಟರನ್ನು ಹಳೆಯ ಕಾಲದ ಇಂಜಿನಿಯರ್ ಒಬ್ಬ ಹೇಗೆ ಎಚ್ಚರಿಸಿದ, ಅವನ ಮಾತನ್ನು ಯಾರೂ ಹೇಗೆ ಕೇಳಲಿಲ್ಲ ಎಂಬುದು ಆ ಕಥೆ. ಹಳೆಯ ಇಂಜಿನಿಯರ್ ಎಂದರೆ ನಾನೇ. ಕಥೆ ಎಷ್ಟು ನಯವಾಗಿತ್ತೆಂದರೆ ಹೇಳುತ್ತ ಹೇಳುತ್ತ ನಾನೇ ಅದನ್ನು ನಂಬಿಬಿಟ್ಟೆ. ಶಾಲು ಹೊದಿಸಿದರು. ಹಾರದಲ್ಲಿದ್ದ ಒಂದು ಇರುವೆ ಕುತ್ತಿಗೆಗೆ ಕಚ್ಚಿತು. ಇಡೀ ಸಭೆಯಲ್ಲಿ ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಅದೊಂದೇ.

ಈಗ ವಿದ್ಯುತ್ ಪ್ರಸರಣ ವಿಭಾಗಕ್ಕೆ ಸೇರುತ್ತಿರುವ ಹೊಸಬರು ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಬಡ್ತಿಗಳ ವಿಷಯ ಬೇಡ. ಅವು ತಾವಾಗಿ ಬಂದವು, ಕೂದಲು ನರೆತ ಹಾಗೆ. ಆ ಗೂಟದ ವಿಷಯವನ್ನೇ ಬರೆಯುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಪಕ್ಕದಲ್ಲಿ ನನ್ನ ಹಳೆಯ ಫೀಲ್ಡ್ ಬುಕ್ ಇಟ್ಟುಕೊಂಡಿದ್ದೇನೆ. ಅದನ್ನೂ ಪೂರ್ತಿ ನಂಬಬೇಡಿ. ಬರೆದವನು ನಾನೇ ತಾನೆ.

ಕೆಲಸ ಏನೆಂದು ಮೊದಲು ತಿಳಿಯಲಿ. ಮೂಡಲ ಕಡೆಯ ಬಯಲಿನಲ್ಲಿ ಗಾಳಿಗಿರಣಿಗಳು ತಿರುಗುತ್ತವೆ, ಸೌರಫಲಕಗಳು ಬಿಸಿಲು ಕಾಯಿಸಿಕೊಳ್ಳುತ್ತವೆ. ಹುಟ್ಟಿದ ವಿದ್ಯುತ್ತು ಅಲ್ಲೇ ಕೂತರೆ ಪ್ರಯೋಜನವಿಲ್ಲ. ದೊಡ್ಡ ಮಾರ್ಗ ಎಳೆದು ಬೇಕಾದವರಿಗೆ ಸಾಗಿಸಬೇಕು. ಅಂಥದೊಂದು ಹೊಸ ಮಾರ್ಗ ಶಿಕಾರಿಪುರದ ಮೇಲೆ ಹಾದು ಸೊರಬ ದಾಟಿ ಪಡುವಣಕ್ಕೆ ಹೋಗಬೇಕಿತ್ತು. ಪರಿಸರ ಉಳಿಸುವ ಕೆಲಸ ಎಂದು ಮೇಲಿನವರು ಹೇಳಿದರು. ಉಳಿಸಲು ಹೋದ ನಾವು ಮೊದಲ ವಾರವೇ ಏಳು ಮಾವಿನಮರ ಕಡಿಸಿದೆವು.

ನೀವು ಯಾವ ಹೊಲಕ್ಕೆ ಕಾಲಿಟ್ಟರೂ ಜನ ಕೇಳುವುದು ಒಂದೇ ಪ್ರಶ್ನೆ: "ಈ ಲೈನಿಂದ ನಮ್ಮೂರಿಗೆ ಕರೆಂಟ್ ಬರ್ತದೇನ್ರಿ?" ಬರುವುದಿಲ್ಲ. ಊರಿಗೆ ಕರೆಂಟ್ ಕೊಡುವವರು ಬೇರೆ, ತಲೆಯ ಮೇಲೆ ಸಾಗಿಸುವವರು ಬೇರೆ. ಆದರೆ ಹಾಗೆನ್ನಬಾರದು ಎಂದು ನನ್ನ ಮೇಲಧಿಕಾರಿ ಪರಮೇಶ್ವರಪ್ಪ ಕಲಿಸಿದ್ದರು.

"ಒಟ್ಟಾರೆ ಸುಧಾರಣೆ ಆಗ್ತದೆ ಅನ್ರೀ. ಒಟ್ಟಾರೆ ಅಂದ್ರೆ ಯಾರಿಗೆ ಅಂತ ಯಾರೂ ಕೇಳೋದಿಲ್ಲ."

ಪರಮೇಶ್ವರಪ್ಪನವರು ಜೀಪಿನಿಂದ ಇಳಿಯದ ಮನುಷ್ಯ. ಎರಡು ತಾಲ್ಲೂಕನ್ನೂ ಅವರು ಮುಂದಿನ ಗಾಜಿನಲ್ಲೇ ನೋಡಿದ್ದರು. ಗಾಜು ಒರೆಸಿದ ದಿನ ಊರು ಸುಧಾರಿಸಿದೆ ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಮಾರ್ಗ ಹುಡುಕುವುದೆಂದರೆ ನಡೆಯುವುದು. ಸರಪಳಿ, ದುರ್ಬೀನು, ದಾರಿ ತೋರಿಸುವ ಊರಿನವನು ಒಬ್ಬ. ಆ ಊರಿನವನು ತನಗಾಗದವರ ಹೊಲದ ಮೇಲೇ ನಮ್ಮನ್ನು ಕರೆದೊಯ್ಯುತ್ತಿದ್ದ. ಹಾಗಾಗಿ ನಮ್ಮ ಹಳೆಯ ಮಾರ್ಗಗಳೆಲ್ಲ ಹಳ್ಳಿಯ ಜಗಳಗಳ ನಕ್ಷೆಯಂತಿವೆ. ಆಮೇಲೆ ಉಪಗ್ರಹ ಬಂತು, ಡ್ರೋನ್ ಬಂತು, ಸಲಹೆಗಾರರು ಬಂದರು. ನಮಗೆ ಬಂದವನು ವಿನೀತ. ಒಳ್ಳೆಯ ಹುಡುಗ. ಗೋಡೆಯ ಮೇಲೆ ಚಿತ್ರ ಬಿಟ್ಟು ಕೆಂಪು ಗೆರೆ ಎಳೆದ. ಗೆರೆಯ ಮೇಲೆ ಟವರ್ ನಿಲ್ಲುವ ಜಾಗಗಳಿಗೆಲ್ಲ ಅಂಕೆ; ಒಂದೊಂದು ಅಂಕೆಗೆ ನೆಲದಲ್ಲಿ ಒಂದೊಂದು ಗೂಟ.

"ನಲವತ್ತೊಂದು ನಮ್ಮ ಬೆಸ್ಟ್ ಲೊಕೇಶನ್ ಸರ್," ಎಂದ. "ಸಮತಟ್ಟು. ಮರ ಇಲ್ಲ, ಮನೆ ಇಲ್ಲ. ದಾಖಲೆಯಲ್ಲಿ ಸರ್ಕಾರಿ ಜಾಗ. ಪಕ್ಕದಲ್ಲೇ ಎತ್ತರದ ಮಣ್ಣಿನ ರಸ್ತೆ ಇದೆ, ಸಾಮಾನು ಸಾಗಿಸೋಕೆ ಸುಲಭ. ನೋಡಿ, ಜನ ಓಡಾಡಿ ನೆಲ ಗಟ್ಟಿಯಾಗಿದೆ."

ಡ್ರೋನ್ ಚಿತ್ರದಲ್ಲಿ ಸಾವಿರಾರು ಹೆಜ್ಜೆ ಗುರುತುಗಳು ಒಂದರ ಮೇಲೊಂದು ಬಿದ್ದು ಒಣಗಿದ್ದವು. ಪರಮೇಶ್ವರಪ್ಪನವರು, "ಏನೋ ಸಮಾವೇಶ ಆಗಿರ್ಬೇಕು," ಎಂದರು. ಸಭೆ ತಲೆಯಾಡಿಸಿತು. ಗ್ರಾಮ ನಕ್ಷೆಯಲ್ಲಿ ನೋಡೋಣವೆಂದರೆ ಅದೇ ಜಾಗದಲ್ಲಿ ಕಾಗದ ಮಡಿಕೆ ಬಿದ್ದು ಹರಿದಿತ್ತು. ಯಾರಾದರೊಬ್ಬರು ಸ್ಥಳಕ್ಕೆ ಹೋಗಿ ನೋಡಿ ಫೀಲ್ಡ್ ಬುಕ್ಕಿನಲ್ಲಿ ಷರಾ ಬರೆದು ಸಹಿ ಹಾಕಬೇಕು ಎಂಬ ಹಳೆಯ ಪದ್ಧತಿಯನ್ನು ಮಾತ್ರ ಯಾವ ಉಪಗ್ರಹವೂ ತೆಗೆದುಹಾಕಿರಲಿಲ್ಲ. ಹೋದವನು ನಾನು.

ಮೇ ತಿಂಗಳು. ಜೊತೆಗೆ ಯಲ್ಲಪ್ಪ, ಶಿಕಾರಿಪುರದ ಮೂಡಲ ಕಡೆಯ ಹಳ್ಳಿಯವನು, ಗುತ್ತಿಗೆಯ ಮೇಲೆ ನಮ್ಮಲ್ಲಿ ಗೂಟ ಹೊಡೆಯುವ ಕೆಲಸಕ್ಕಿದ್ದವನು. ಕುಬಟೂರು ದಾಟಿ ಒಂದಷ್ಟು ದೂರ ಹೋದ ಮೇಲೆ ಜೀಪು ಬಿಟ್ಟು ನಡೆದೆವು. ವಿನೀತನ ಎತ್ತರದ ರಸ್ತೆ ಸಿಕ್ಕಿತು. ಅದರ ಒಂದು ತುದಿಯಲ್ಲಿ ತೂಬಿತ್ತು.

"ಸರ, ಇದು ರಸ್ತಾ ಅಲ್ರಿ. ಕೆರಿ ಏರಿ," ಎಂದ ಯಲ್ಲಪ್ಪ.

"ಹಳೆ ಕಾಲದ್ದಿರಬೇಕು ಬಿಡು," ಎಂದೆ.

ಇದು ನಾನು ಹೇಳಿದ್ದೋ, ಈಗ ನನ್ನ ಬಾಯಿಗೆ ಚೆನ್ನಾಗಿ ಕೂರುತ್ತದೆಂದು ಬರೆಯುತ್ತಿದ್ದೇನೋ ಗೊತ್ತಿಲ್ಲ. ಕೆಳಗೆ ಬಿರುಕು ಬಿಟ್ಟ ನೆಲ, ಒಣಗಿದ ಹೆಜ್ಜೆಗಳು, ನಡುವೆ ಒಂದು ಮುರಿದ ಕೂಣಿ ಇದ್ದದ್ದು ಮಾತ್ರ ಖಂಡಿತ. ಕೂಣಿ ಎಂದರೆ ಬುಡವಿಲ್ಲದ ಬಿದಿರಿನ ಬುಟ್ಟಿ, ಮೀನು ಹಿಡಿಯುವುದು. ಬೇಸಿಗೆಯಲ್ಲಿ ಕೆರೆಯ ನೀರು ಮೊಣಕಾಲಿಗೆ ಇಳಿದಾಗ ಸುತ್ತಿನ ಹಳ್ಳಿಗಳವರೆಲ್ಲ ಕೂಣಿ ಹಿಡಿದು ಒಟ್ಟಿಗೇ ಇಳಿಯುತ್ತಾರೆ. ಅದು ಕೆರೆಬೇಟೆ. ನಮ್ಮ ಮೇಲಧಿಕಾರಿ ಕಂಡ ಸಮಾವೇಶ ಅದೇ.

ಏರಿಯ ತುದಿಯಲ್ಲಿ, ರಸ್ತೆಗೆ ತಾಗಿ, ಒಂದು ಹಿಟ್ಟಿನ ಮಿಲ್ಲು. ತಗಡಿನ ಮಾಡು, ಒಂದು ಮೋಟಾರು, ಒಂದು ತಕ್ಕಡಿ. ಹಿಂದೆಯೇ ಮನೆ. ಮಿಲ್ಲಿನ ಒಡತಿ ನಾಗಮ್ಮ. ಮೋಟಾರಿನ ಬೆಲ್ಟು ತಾನೇ ಹಾಕುತ್ತಿದ್ದ, ಹುಬ್ಬಿನ ಮೇಲೆಲ್ಲ ಅಕ್ಕಿಹಿಟ್ಟು ಕೂತಿದ್ದ ಗಟ್ಟಿ ಹೆಂಗಸು. ಬಿಸಿಲಲ್ಲಿ ಬಂದವರೆಂದು ನೀರು ಕೊಟ್ಟಳು. ಊಟದ ಹೊತ್ತು. ಊಟ ಮಾಡಿಯೇ ಹೋಗಬೇಕು ಎಂದಳು.

"ಮೀನು ಸಾರು ಮಾರಾಯ್ರೆ. ನೀವು ತಿಂಬೋರು ಅಲ್ಲ ಅಂತ ಕಾಣ್ತದೆ." ನನ್ನ ಹಣೆಯ ವಿಭೂತಿ ನೋಡಿ ಹೇಳಿದ್ದು. "ಮಜ್ಜಿಗೆ ಅನ್ನ ಹಾಕ್ಲಾ?"

ನಾನು ಶಿರಾಳಕೊಪ್ಪದ ವ್ಯಾಪಾರಸ್ಥರ ಮನೆಯವನು. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತುವಂತಿರಲಿಲ್ಲ. ಆದರೆ ಆ ಸಾರಿನ ವಾಸನೆ, ಬೆಳಿಗ್ಗೆಯಿಂದ ನಡೆದ ಹಸಿವು! "ಹಾಕಮ್ಮ, ಅದನ್ನೇ ಹಾಕು," ಎಂದೆ. ರಸ್ತೆಗೆ ಕಾಣದ ಹಾಗೆ ಒಳಗೆ, ಹಿಟ್ಟಿನ ಚೀಲಗಳ ಹಿಂದೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡೆ. ಯಲ್ಲಪ್ಪ ಮೂರು ಸಲ.

"ಎಲ್ಲಿಂದ ತಂದದ್ದು ಮೀನು?" ಎಂದು ಕೇಳಿದವನು ನಾನೇ.

"ಎಲ್ಲಿಂದ ಅಂದ್ರೆ? ಇದೇ ಕೆರೇದು. ತಿಂಗಳು ಆತು ಬೇಟೆ ಆಗಿ. ಮುರುಗೋಡು ಮೀನು, ಹಂಡೇಲಿ ನೀರು ಹಾಕಿ ಬಿಟ್ರೆ ಸಾಯೂದಿಲ್ಲ." ಆಮೇಲೆ ನನ್ನ ಪಕ್ಕದಲ್ಲಿದ್ದ ಪುಸ್ತಕ ನೋಡಿ ಕೇಳಿದಳು: "ಅಲ್ಲಿ ಗೂಟ ಹೊಡೀತೀರಂತಲ್ಲ, ಎಂತಕ್ಕೆ? ಮಳೆ ಬಂದ್ರೆ ಅಲ್ಲಿ ಆಳು ಮುಳುಗೂ ನೀರು ಕಣ್ರೀ. ಬರ್ಕೊಳಿ."

"ಬರ್ಕೊಂಡೆ," ಎಂದೆ.

ಬರೆದುಕೊಳ್ಳಲಿಲ್ಲ. ಬರೆದರೆ ಮಾರ್ಗ ತಿದ್ದಬೇಕು, ತಿದ್ದಿದರೆ ಸಭೆ, ಸಭೆಯಾದರೆ ಪರಮೇಶ್ವರಪ್ಪನವರ ಮುಖ. ಮಳೆಗಾಲಕ್ಕೆ ಮೊದಲು ಪಾಯ ಮುಗಿಯಬೇಕೆಂದು ಮೇಲಿನಿಂದ ಆತುರ. ನಲವತ್ತೊಂದನೇ ಗೂಟದ ಮುಂದೆ, ಷರಾ ಎಂಬ ಅಂಕಣದಲ್ಲಿ, ನನ್ನ ಕೈಬರಹದಲ್ಲಿ ಇರುವುದು ಇಷ್ಟು: "ಸಮತಟ್ಟು ಬಂಜರು. ಅಡ್ಡಿಯಿಲ್ಲ." ಸಹಿ. ಸಹಿಯ ಪಕ್ಕ ಹಳದಿ ಬೆರಳಿನ ಗುರುತು. ಅದು ಆ ದಿನದ ಸಾರಿನದೇ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಯಾವುದೋ ಹೋಟೆಲ್ಲಿನ ಉಪ್ಪಿಟ್ಟಿನದೂ ಇರಬಹುದು.

ಗುಂಡಿ ತೋಡಿದರು. ನಾಲ್ಕು ಕಾಲಿಗೆ ನಾಲ್ಕು ಗುಂಡಿ, ಒಳಗೆ ಕಬ್ಬಿಣದ ಹಂದರ. ಕಾಂಕ್ರೀಟು ಬರುವ ಮುಂಚೆ ಮಳೆ ಬಂತು. ಆ ಸಲ ಬೇಗ ಬಂತು ಎಂದು ನಾವು ವರದಿಯಲ್ಲಿ ಬರೆದೆವು. ಮಳೆ ತನ್ನ ಸಮಯಕ್ಕೇ ಬಂದಿತ್ತು. ತಿಂಗಳೊಪ್ಪತ್ತಿನಲ್ಲಿ ಗುಂಡಿಗಳು ಕಾಣದಾದವು. ನೀರಿನ ಮೇಲೆ ನಾಲ್ಕು ಕಬ್ಬಿಣದ ಕೊಂಬುಗಳು, ಒಂದೊಂದರ ಮೇಲೆ ಒಂದೊಂದು ಕೊಕ್ಕರೆ.

ಪರಮೇಶ್ವರಪ್ಪನವರು ಅಂದು ಮೊದಲ ಬಾರಿಗೆ ಜೀಪಿನಿಂದ ಇಳಿದರು. ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿದರು.

"ಈ ಕೆರೆ ಯಾವಾಗ ಬಂತ್ರೀ ಇಲ್ಲಿಗೆ?"

ಏರಿಯ ಮೇಲೆ ಕೂತಿದ್ದ ಊರಿನವನೊಬ್ಬ, "ನಿಮ್ಮ ಜೀಪಿನ ಹಿಂದೇನೇ ಬಂತ್ ನೋಡಿ ಸಾಹೇಬ್ರೆ," ಎಂದ. ಮುಂದೆ ನೀರಿಳಿದಾಗ ಊರಿನವರು ನಮ್ಮ ಗುಂಡಿಗಳಲ್ಲಿ ಕೈ ಹಾಕಿ ಒಳ್ಳೊಳ್ಳೆಯ ಮೀನು ಹಿಡಿದರಂತೆ. ಇಡೀ ಯೋಜನೆಯಿಂದ ಊರಿಗೆ ನೇರವಾಗಿ ಸಿಕ್ಕಿದ ಲಾಭ ಅದೊಂದೇ.

ಇಲ್ಲಿಂದ ಮುಂದೆ ನಗು ಕಡಿಮೆ.

ಗೂಟ ಸರಿಸಬೇಕಾಯಿತು. ಎರಡು ದಾರಿ. ತೆಂಕಣಕ್ಕೆ ತಿರುಗಿಸಿದರೆ ಹಿಂದುಮುಂದಿನ ಗೂಟಗಳನ್ನೂ ಕಿತ್ತು ಹೊಸದಾಗಿ ಅಳೆಯಬೇಕು; ತಂತಿ ಒಬ್ಬ ದೊಡ್ಡ ವರ್ತಕರು ಕಟ್ಟಿಸುತ್ತಿದ್ದ ಕಲ್ಯಾಣ ಮಂಟಪದ ಮೇಲೆ ಹೋಗುತ್ತದೆ. ಬಡಗಣಕ್ಕಾದರೆ ಐವತ್ತು ಹೆಜ್ಜೆ ಸರಿಸಿದರೆ ಸಾಕು, ಏರಿಯ ತುದಿಗೆ. ತಂತಿಯ ಕೆಳಗೆ ಕಟ್ಟಡ ಇರಬಾರದು, ಆದ್ದರಿಂದ ನಾಗಮ್ಮನ ಮಿಲ್ಲು ಹೋಗಬೇಕು. ಮನೆ ಕೂದಲೆಳೆಯಲ್ಲಿ ಉಳಿಯುತ್ತದೆ. ಏರಿಗೂ ರಸ್ತೆಗೂ ನಡುವಿನ ಆ ತುಂಡು ಜಾಗ ಬಿಟ್ಟರೆ ಮಿಲ್ಲು ಕಟ್ಟಲು ಆಕೆಗೆ ಬೇರೆ ನೆಲವಿರಲಿಲ್ಲ.

ಆಕೆ ತಕರಾರು ಅರ್ಜಿ ಹಾಕಿದಳು. ಸೊರಬದಲ್ಲಿ ವಿಚಾರಣೆ ಎಂದಾಯಿತು. ಹಿಂದಿನ ದಿನ ಪರಮೇಶ್ವರಪ್ಪನವರು ನನ್ನನ್ನು ಕೂರಿಸಿಕೊಂಡು ನಿಯಮ ವಿವರಿಸಿದರು.

"ನೋಡ್ರೀ, ಸರ್ವೆ ಹೊತ್ತಿಗೇ ಅಲ್ಲಿ ಕೆರೆ ಇದೆ ಅಂತ ನಮಗೆ ಗೊತ್ತಿತ್ತು ಅಂದ್ರೆ ಅದು ನಮ್ಮ ತಪ್ಪು. ಮಾರ್ಗ ಪೂರ್ತಿ ಮತ್ತೆ ಅಳೀಬೇಕು, ಮಂಟಪದ ಕಡೆನೂ ನೋಡ್ಬೇಕು. ಗೊತ್ತಿರಲಿಲ್ಲ ಅಂದ್ರೆ ಪ್ರಕೃತಿ ತಪ್ಪು. ಹತ್ತಿರದ ಜಾಗಕ್ಕೆ ಸರಿಸಿದ್ರೆ ಮುಗೀತು. ನಿಮಗೆ ಗೊತ್ತಿತ್ತಾ?"

"ಷರಾದಲ್ಲಿ ಇಲ್ಲ ಸರ್."

"ಅಷ್ಟೇ ಸಾಕು."

ಬೀಳ್ಕೊಡುಗೆಯ ಕಥೆಯಲ್ಲಿ ಈ ಜಾಗಕ್ಕೆ ಬಂದಾಗ ನಾನು ಮೇಜು ಗುದ್ದುತ್ತೇನೆ. ನಿಜದಲ್ಲಿ ಆ ಮೇಜಿನ ಮೇಲೆ ಚಹಾ ಇತ್ತು. ಕುಡಿದೆ.

ವಿಚಾರಣೆಯ ಅಧಿಕಾರಿ ಸೌಮ್ಯ ಮನುಷ್ಯ. ಸಭಾಂಗಣದ ತುಂಬ ಜನ. ನಾಗಮ್ಮ ಎದ್ದು ನಿಂತಳು. ಅಂದು ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ, ಇಸ್ತ್ರಿಯ ಸೀರೆ.

"ಗೊತ್ತಿರಲಿಲ್ಲ ಅಂಬುದು ಸುಳ್ಳು. ಈ ಇಂಜಿನಿಯರ್ ಸಾಹೇಬ್ರಿಗೆ ನಾನೇ ಹೇಳೀನಿ, ಅದು ಕೆರೆ, ಮುಳುಗ್ತದೆ ಅಂತ. ಬರ್ಕೊಂಡೆ ಅಂದ್ರು."

"ಯಾವಾಗ ಹೇಳಿದ್ದಮ್ಮ? ಎಲ್ಲಿ?" ಎಂದರು ಅಧಿಕಾರಿ.

"ನಮ್ಮನೇಲಿ. ಇದೇ ಕೆರೆ ಮೀನು ಉಣ್ತಾ ಕೂತಾಗ. ಎರಡು ಸಲ ಹಾಕಿಸ್ಕೊಂಡ್ರು."

ಸಭೆ ಘೊಳ್ಳೆಂದಿತು. ಪರಮೇಶ್ವರಪ್ಪ ನಗಲಿಲ್ಲ, ನನ್ನ ಹಣೆ ನೋಡಿದರು. ಎರಡನೇ ಸಾಲಿನಲ್ಲಿ ನನ್ನ ಹೆಂಡತಿಯ ಸೋದರಮಾವ ಕೂತಿದ್ದರು, ಯಾರದೋ ಇನ್ನೊಂದು ತಕರಾರಿಗೆ ಬಂದವರು. ಅವರೂ ನೋಡಿದರು. ಒಂದು ಗಳಿಗೆ ಇಡೀ ಸಭಾಂಗಣ ಮಾರ್ಗ ಮರೆತು, ಕೆರೆ ಮರೆತು, ನನ್ನ ಬಾಯಿ ನೋಡುತ್ತಿತ್ತು.

"ನಾನು ಮೀನು ತಿನ್ನುವವನಲ್ಲ ಸ್ವಾಮಿ," ಎಂದೆ. "ಯಾರನ್ನಾದರೂ ಕೇಳಿ."

ಕೇಳಬೇಕಾಗಲಿಲ್ಲ. ಹಣೆಯೇ ಸಾಕ್ಷಿ ಹೇಳಿತು. ಆದರೂ ಅಧಿಕಾರಿ ಕ್ರಮ ತಪ್ಪಿಸಬಾರದೆಂದು ಯಲ್ಲಪ್ಪನನ್ನು ಕರೆದರು. ಅವನ ಗುತ್ತಿಗೆ ಆ ತಿಂಗಳು ನವೀಕರಣಕ್ಕೆ ನಮ್ಮ ಬಳಿ ಇತ್ತು. ಅವನು ನನ್ನನ್ನು ನೋಡಿದ, ನಾಗಮ್ಮನನ್ನು ನೋಡಿದ, ಕೊನೆಗೆ ಫ್ಯಾನು ನೋಡಿದ.

"ಸಾಹೇಬ್ರು ತಿಂದಿಲ್ಲ ಅಂದ್ರ, ನಾನೂ ತಿಂದಿಲ್ರಿ."

ಮತ್ತೆ ನಗು. ಮೀನು ತಿಂದಿಲ್ಲ ಎಂದಾದ ಮೇಲೆ ಆಕೆಯ ಮನೆಗೆ ಹೋಗಿಲ್ಲ ಎಂದಾಯಿತು. ಮನೆಗೆ ಹೋಗಿಲ್ಲ ಎಂದ ಮೇಲೆ ಕೆರೆಯ ವಿಷಯ ಕೇಳಿಲ್ಲ ಎಂದಾಯಿತು. ಇಂಥ ಸರಾಗವಾದ ತರ್ಕವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ. ನಾನು ಮುಚ್ಚಿಡಲು ಹೊರಟದ್ದು ಸಾರನ್ನು ಮಾತ್ರ, ಕೆರೆಯನ್ನಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದೆ. ಇದೂ ನಯವಾದ ಕಥೆಯೇ. ಎರಡೂ ಒಟ್ಟಿಗೇ ಮುಚ್ಚಿಕೊಳ್ಳುತ್ತವೆ ಎಂದು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಿತ್ತು.

ಮಿಲ್ಲು ಕಿತ್ತರು. ನಿಯಮದ ಪ್ರಕಾರ ಸಲ್ಲಬೇಕಾದ್ದು ಆಕೆಗೆ ಸಂದಿತು. ಟವರ್ ನಿಂತಿತು, ತಂತಿ ಎಳೆದರು, ದೀಪ ಬೆಳಗಿ ಭಾಷಣ ಮಾಡಿದರು. ಪರಮೇಶ್ವರಪ್ಪನವರು ಮೇಲೆ ಹೋದರು, ಇಲಾಖೆಯಲ್ಲೇ. ವಿನೀತನ ಚಿತ್ರಗಳು ಈಗ ಎಷ್ಟೋ ಸ್ಪಷ್ಟವಂತೆ, ಮಳೆಗಾಲದವನ್ನೂ ತರಿಸುತ್ತಾರಂತೆ. ಒಳ್ಳೆಯದು. ಆದರೆ ಷರಾ ಅಂಕಣ ಈಗ ಟ್ಯಾಬಿನಲ್ಲಿದೆ, ಮತ್ತು ಅಲ್ಲಿ ಬರೆಯುವ ಹಾಗಿಲ್ಲ, ಆಯ್ಕೆ ಮಾಡಬೇಕು ಎಂದು ಕೇಳಿದೆ. ಮೊದಲ ಆಯ್ಕೆ "ಅಡ್ಡಿಯಿಲ್ಲ".

ನಿವೃತ್ತಿಯಾಗಿ ವರ್ಷವಾದ ಮೇಲೆ ಅಟ್ಟ ಒರೆಸುವಾಗ ಫೀಲ್ಡ್ ಬುಕ್ ಸಿಕ್ಕಿತು. ಷರಾ ಓದಿದೆ. ಮೇಜು ಗುದ್ದಿದ ನನ್ನ ಕಥೆಯಲ್ಲಿ ಈ ಮೂರು ಪದಗಳಿಗೆ ಜಾಗವಿರಲಿಲ್ಲ. ಒಂದು ಸೋಮವಾರ ಶಿರಾಳಕೊಪ್ಪದಿಂದ ಬಸ್ಸು ಹತ್ತಿದೆ. ಪಶ್ಚಾತ್ತಾಪ ಎನ್ನಬೇಡಿ, ಆಕೆ ಮರೆತಿರಬಹುದೇ ನೋಡೋಣ ಎಂದು ಹೋದೆ. ಮರೆತಿದ್ದರೆ ನನ್ನ ಕಥೆಗೆ ಇನ್ನು ಎದುರಾಳಿಯಿರುತ್ತಿರಲಿಲ್ಲ.

ಟವರ್ ಏರಿಯ ತುದಿಯಲ್ಲಿ ಝುಂಯ್ ಎನ್ನುತ್ತಿತ್ತು. ನಾಗಮ್ಮ ಜಗಲಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ತಲೆಯೆತ್ತಿ ಒಂದು ಕ್ಷಣ ನೋಡಿದಳು.

"ಬರ್ರಿ ಸಾಹೇಬ್ರೆ. ಮೀನು ಸಾರು ಐತೆ. ತಿಂತೀರೋ, ತಿಂದು ಮರೀತೀರೋ?"

ಕೂತೆ. ಈಗ ಆಕೆ ಶಿರಾಳಕೊಪ್ಪದಲ್ಲಿ ಬೇರೆಯವರ ಮಿಲ್ಲಿನಲ್ಲಿ ಸಂಬಳಕ್ಕೆ ಹಿಟ್ಟು ಬೀಸುತ್ತಾಳಂತೆ. ಸೋಮವಾರ ರಜೆ. ಕುಬಟೂರಿನಲ್ಲಿ ಬಾಡಿಗೆ ಜಾಗ ಹಿಡಿದು ಮತ್ತೆ ಮಿಲ್ಲು ಹಾಕಬಹುದಿತ್ತಲ್ಲ ಎಂದೆ. ಅದಕ್ಕೆ ಒಳಗೆ ಹೋಗಿ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತಂದಳು. ವಿಚಾರಣೆಯ ಆದೇಶದ ಪ್ರತಿ. ಒಂದು ಸಾಲಿನ ಕೆಳಗೆ ಯಾರೋ ಶಾಲೆಯ ಮಕ್ಕಳ ಪೆನ್ಸಿಲಿನಿಂದ ಗೆರೆ ಎಳೆದಿದ್ದರು: "ಅರ್ಜಿದಾರರ ಹೇಳಿಕೆ ನಂಬಲರ್ಹವಲ್ಲ."

"ಹಾಕಿದ್ದೆ, ಆರು ತಿಂಗಳು," ಎಂದಳು. "ತಕ್ಕಡಿ ಇಟ್ಕೊಂಡು ಕೂತೋಳಿಗೆ ಮಾತೇ ಬಂಡವಾಳ ಅಲ್ಲೇನ್ರಿ? ನಂಬಲರ್ಹವಲ್ಲ ನಾಗಮ್ಮ ಅಂತ್ಲೇ ಹೆಸರಿಟ್ರು. ತಮಾಷೆಗೇ. ಆದ್ರೆ ಅಕ್ಕಿ ಕೊಡುವಾಗ ಒಂದ್ಸಲ, ಹಿಟ್ಟು ತಗಳುವಾಗ ಒಂದ್ಸಲ, ಮನೆ ತಕ್ಕಡೀಲಿ ತೂಗಿ ನೋಡೂಕೆ ಶುರು ಮಾಡಿದ್ರು. ಮುಚ್ಚಿದೆ."

ಟವರ್ ಸದ್ದು ಮಾಡುತ್ತಲೇ ಇತ್ತು. ನಾನು, "ಈಗ ಏನು ಮಾಡಬಹುದು?" ಎಂದೆ. ನಲವತ್ತು ವರ್ಷ ಅರ್ಜಿದಾರರನ್ನು ಸಾಗಹಾಕಲು ಬಳಸಿದ ಅದೇ ದನಿ.

"ಮಿಲ್ಲು ಬ್ಯಾಡ. ಬರ್ದು ಕೊಡಿ. ಅವತ್ತು ಬರ್ಕೊಂಡೆ ಅಂದ್ರಲ್ಲ, ಅದನ್ನ ಇವತ್ತು ಬರೀರಿ."

ಫೀಲ್ಡ್ ಬುಕ್ಕಿನ ಹಿಂದಿನ ಖಾಲಿ ಹಾಳೆ ಹರಿದು ಬರೆದೆ: ನಲವತ್ತೊಂದನೇ ಗೂಟದ ಸ್ಥಳವು ಕೆರೆಯೆಂದು ಸ್ಥಳ ಪರಿಶೀಲನೆಯ ವೇಳೆ ಶ್ರೀಮತಿ ನಾಗಮ್ಮನವರು ನನಗೆ ತಿಳಿಸಿರುತ್ತಾರೆ. ಸಹಿ ಹಾಕಿ ಕೊಟ್ಟೆ. ಒಂದೊಂದೇ ಪದ ಬೆರಳಿಟ್ಟು ಓದಿದಳು.

"ಮೀನು ಎಲ್ಲಿ?"

"ಅದು ಯಾಕಮ್ಮ? ವಿಷಯ ಬಂತಲ್ಲ."

"ವಿಷಯ ಯಾರಿಗೆ ಬೇಕು ಮಾರಾಯ್ರೆ? ಅವತ್ತು ಸಭೇಲಿ ಕೆರೆ ಸುಳ್ಳಾಗಿದ್ದು ಮೀನಿಂದ. ಮೀನು ಬರೀದೆ ಇದ್ರೆ ಕೆರೆ ನಿಜ ಆಗೂದಿಲ್ಲ. ಬರೀರಿ. ಎರಡು ಸಲ ಹಾಕಿಸ್ಕೊಂಡೆ ಅಂತ್ಲೂ ಬರೀರಿ."

ಬರೆದೆ. ಅದೇ ವಾಕ್ಯವನ್ನು ಇಲ್ಲೂ ಬರೆಯುತ್ತಿದ್ದೇನೆ, ಹೆಂಡತಿಯ ಸೋದರಮಾವ ಓದಲಿ: ಆ ದಿನ ನಾನು ನಾಗಮ್ಮನ ಮನೆಯಲ್ಲಿ ಅದೇ ಕೆರೆಯ ಮೀನಿನ ಸಾರು ಎರಡು ಸಲ ಹಾಕಿಸಿಕೊಂಡು ಉಂಡೆ.

ಕಾಗದವನ್ನು ಆಕೆ ಆದೇಶದ ಜೊತೆಗೇ ಮಡಿಸಿ ಪ್ಲಾಸ್ಟಿಕ್ ಕವರಿಗೆ ಸೇರಿಸಿದಳು. ಆಮೇಲೆ ತಟ್ಟೆ ತಂದಿಟ್ಟಳು. ಒಳಗೆ ಹೋಗುವುದು ಬೇಡ ಎಂದೆ. ಜಗಲಿಯ ಮೇಲೇ, ರಸ್ತೆಗೆ ಮುಖ ಮಾಡಿ, ವಿಭೂತಿ ಹಚ್ಚಿದ ಹಣೆಯೊಡನೆ ಕೂತು ಉಂಡೆ.

ರಸ್ತೆಯಲ್ಲಿ ಆಗ ಯಾರೂ ಇರಲಿಲ್ಲ. ಅದನ್ನೂ ಷರಾದಲ್ಲಿ ಸೇರಿಸಿಕೊಳ್ಳಿ.